ಎರಡು ಗಂಟೆಯ ದಾರಿ

ಎಲ್ಲಿಂದ ಶುರು ಮಾಡಲಿ? ಟೇಕಾಫ್‌ನಿಂದ ಎಂದರೆ ನೀವು ಈಗಲೇ ಸೀಟ್ ಬೆಲ್ಟ್ ಹುಡುಕುತ್ತೀರಿ. ತಾಯಿಯ ಸಾವಿನಿಂದ ಎಂದರೆ ಕರ್ಚೀಫು. ಎರಡನ್ನೂ ಬರೆದು ನೋಡಿ ಹರಿದು ಹಾಕಿದೆ. (ಹರಿದದ್ದೇನೂ ಇಲ್ಲ, ಡಿಲೀಟ್ ಒತ್ತಿದೆ. ಹರಿದೆ ಎಂದರೆ ಸ್ವಲ್ಪ ಸಾಹಿತಿಯ ಗತ್ತು ಬರುತ್ತದೆ.)

೧. ಈ ಕಥೆಯಲ್ಲಿ ಇಬ್ಬರು, ಅಕ್ಕ ಮತ್ತು ತಂಗಿ. ತಂಗಿಯ ಕೆಲಸದಿಂದ ಶುರು ಮಾಡೋಣ. ಅವಳು ಪ್ರವಾಸದ ವೆಬ್‌ಸೈಟೊಂದಕ್ಕೆ ಪುಟ ಬರೆಯುತ್ತಾಳೆ: ಈ ವಿಮಾನ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು. ಭೂಪಟದ ಮೇಲೆ ನೇರ ಗೆರೆ ಎಳೆದು, ವಿಮಾನದ ವೇಗದಿಂದ ಭಾಗಿಸಿದರೆ ಪುಟ ತಯಾರು. ಆ ಗೆರೆಯ ಮೇಲೆ ನಿಜಕ್ಕೂ ವಿಮಾನ ಹಾರುತ್ತದೆಯೇ ಎಂದು ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ. ತನ್ನೂರಿನಿಂದ ಅಕ್ಕನ ಊರಿಗೆ ಎರಡು ಗಂಟೆ ಎಂದು ಬರೆದವಳೂ ಅವಳೇ.

೨. ಅಮ್ಮ ತೀರಿಕೊಂಡಾಗ ಅಕ್ಕ ಮರುದಿನ ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಬಾಗಿಲಲ್ಲೇ ಕೇಳಿದಳು:

"ಎರಡು ಗಂಟೆ ದಾರಿ ಅಕ್ಕ. ಅಷ್ಟೂ ಬರೋಕಾಗ್ಲಿಲ್ವಾ ನಿಂಗೆ?"

ಅಕ್ಕ ಬ್ಯಾಗು ಕೆಳಗಿಡಲೂ ಇಲ್ಲ. "ಎರಡು ಗಂಟೇನಾ? ಯಾರೇ ಹೇಳಿದ್ದು?" ಎಂದಳು. ಬೇರೇನೂ ವಿವರಿಸಲಿಲ್ಲ.

ಆಮೇಲೆ ಮಾತು ನಿಂತಿತು. ತಂಗಿಯ ಸಿಟ್ಟು ಒಂದು ವರ್ಷ ಬಾಳಿಕೆ ಬಂತು. ಸಿಟ್ಟು ಇಳಿದ ಮೇಲೆ ಅಕ್ಕ ಬೇಕು, ಈಗಲೇ ಬೇಕು ಅನಿಸತೊಡಗಿತು. ಕುಕ್ಕರ್ ಕೂಗಿದರೆ "ನೀನೇ ಹೋಗಿ ಆರಿಸು" ಎಂದು ಜಗಳವಾಡಲು ಮನೆಯಲ್ಲಿ ಯಾರೂ ಇಲ್ಲ.

೩. ಮುಕ್ತಾಯ ಒಂದು: ಅಕ್ಕ ಬಂದು ಬಾಗಿಲು ತಟ್ಟುತ್ತಾಳೆ.

"ಅವಳ್ಯಾಕೆ ಬರ್ಬೇಕು?" ಬರೆದದ್ದನ್ನು ಓದಿ ತಂಗಿ ನನ್ನ ಮೇಲೇ ರೇಗಿದಳು. "ಆ ಮಾತು ಅಂದಿದ್ದು ನಾನು. ಹೋಗ್ಬೇಕಾದೋಳೂ ನಾನೇ."

ಸರಿ ತಾಯಿ. ಮುಕ್ತಾಯ ಎರಡು: ತಂಗಿ ವಿಮಾನ ಹತ್ತಿದಳು. ಎರಡು ಗಂಟೆಯಲ್ಲಿ ಅಕ್ಕನ ಊರು.

"ನೇರ ವಿಮಾನಾನೇ ಇಲ್ಲ ಕಣ್ರಿ," ಎಂದು ಮೊಬೈಲು ಮುಂದೆ ಹಿಡಿದಳು. ಎರಡು ಕಡೆ ಇಳಿದು ಹತ್ತಬೇಕು, ನಡುವೆ ಒಂದು ಇಡೀ ರಾತ್ರಿ ಕಾಯಬೇಕು. (ಟಿಕೆಟ್ ತೆಗೆಯಲು ಕೂತಾಗಲೇ ಅವಳಿಗೂ ಗೊತ್ತಾದದ್ದು. ಅಷ್ಟೊಂದು ದಾರಿ ಬರೆದವಳು ಆ ದಾರಿಯನ್ನು ಒಮ್ಮೆಯೂ ಹಿಡಿದಿರಲಿಲ್ಲ.) "ಹಾಗಾದ್ರೆ ಅಕ್ಕ ಅವತ್ತು ಸುದ್ದಿ ಕೇಳಿದ ತಕ್ಷಣಾನೇ ಹೊರಟಿದ್ಲು," ಎಂದಳು. ನಾನು ಎರಡನೆಯ ಮುಕ್ತಾಯವನ್ನೂ ಡಿಲೀಟ್ ಮಾಡಿದೆ.

೪. ಈಗ ಅವಳು ನಡುದಾರಿಯ ನಿಲ್ದಾಣದಲ್ಲಿದ್ದಾಳೆ. ಕೂತ ಕುರ್ಚಿಯಲ್ಲೇ ಅಂದು ಅಕ್ಕ ಕೂತು ಅತ್ತಿರಬಹುದು ಅನಿಸಿ, ಅದನ್ನು ಖಾಲಿ ಬಿಟ್ಟು ಪಕ್ಕದ್ದಕ್ಕೆ ಸರಿದಳು. ಫೋನು ಮಾಡಿದಳು.

"ಅಕ್ಕಾ, ಬರ್ತಾ ಇದೀನಿ."

ಆ ಕಡೆಯಿಂದ ಅಕ್ಕ ಕೇಳಿದಳು:

"ಎಷ್ಟು ಹೊತ್ತಾಗುತ್ತೆ?"

ಈ ಪ್ರಶ್ನೆಗೆ ಉತ್ತರ ಬರೆದೇ ಸಂಬಳ ಎಣಿಸುವವಳು, "ಗೊತ್ತಿಲ್ಲ ಅಕ್ಕ," ಎಂದಳು.

ನೀವು ಲ್ಯಾಂಡಿಂಗಿಗೆ ಕಾಯುತ್ತಿದ್ದೀರಿ, ನನಗೆ ಗೊತ್ತು. ಅವಳನ್ನು ಅಕ್ಕನ ಮನೆ ಮುಟ್ಟಿಸಲು ನನಗೆ ಎರಡು ಸಾಲು ಸಾಕು. ಆದರೆ ಹಾಗೆ ಮುಟ್ಟಿಸಿದರೆ ನಾನೂ ಅವಳ ಹಳೆಯ ಪುಟವನ್ನೇ ಬರೆದಂತಾಗುತ್ತದೆ. ವಿಮಾನ ಇನ್ನೂ ಬಂದಿಲ್ಲ. ಖಾಲಿ ಕುರ್ಚಿಯ ಪಕ್ಕದಲ್ಲಿ ಅವಳು ಕಾಯುತ್ತಿದ್ದಾಳೆ.