ಪಿಯಾನೊದೊಳಗೆ ಉಳಿದ ಕೆಂಪು ಪಟ್ಟಿ

ದೊಡ್ಡವರು ಬರುತ್ತಾರೆಂದರೆ ನಮ್ಮ ಸಮುದಾಯ ಭವನದ ಕಾರ್ಯದರ್ಶಿಗೆ ಕೈಕಾಲೇ ಆಡುವುದಿಲ್ಲ. ಐವತ್ತು ವರ್ಷ ಪಿಯಾನೊ ನುಡಿಸಿದ ಕಲಾವಿದರು, ಒಂಬತ್ತು ಮಕ್ಕಳಿಗೆ ಸ್ಫೂರ್ತಿ ತುಂಬಲು ಬರುತ್ತಿದ್ದರು. ತುಂಬಿದ ಮೇಲೆ ಒಬ್ಬರನ್ನು ಶಿಷ್ಯರಾಗಿ ಆರಿಸಿಕೊಳ್ಳುತ್ತಾರಂತೆ. ಆ ಒಬ್ಬಳು ತಾನೇ ಆಗಬೇಕೆಂದು ನನ್ನ ಹನ್ನೊಂದು ವರ್ಷದ ಮೊಮ್ಮಗಳು ವರ್ಷವಿಡೀ ಒಂದೇ ರಚನೆ ನುಡಿಸಿ ನುಡಿಸಿ ಮನೆಮಂದಿಯ ತಲೆ ತಿಂದಿದ್ದಳು.

ಭವನದ ಪಿಯಾನೊಗೆ ಶ್ರುತಿ ಕೂಡಿಸುವವನು ನಾನು. ಅದರ ನಡುವಿನ ಒಂದೊಂದು ಸ್ವರಕ್ಕೂ ಮೂರು ಮೂರು ತಂತಿ. ಶ್ರುತಿ ನೋಡುವಾಗ ಒಂದು ತಂತಿಯಷ್ಟೇ ನುಡಿಯಲೆಂದು, ಉಳಿದೆರಡರ ಬಾಯಿ ಮುಚ್ಚಿಸಲು ಉಣ್ಣೆಯ ಕೆಂಪು ಪಟ್ಟಿಯೊಂದನ್ನು ಸಂದಿಗಳಲ್ಲಿ ತುರುಕುತ್ತೇವೆ. ಕೆಲಸ ಮುಗಿದ ಮೇಲೆ ಎಳೆದು ತೆಗೆಯಬೇಕು. ಕೊನೆಯದಾಗಿ ಒಮ್ಮೆ ಪರೀಕ್ಷಿಸೋಣವೆಂದು ಮತ್ತೆ ತುರುಕಿದ್ದೆ. ಅಷ್ಟರಲ್ಲಿ ಕಾರ್ಯದರ್ಶಿ ಓಡಿಬಂದು, "ಏಳ್ರೀ ಏಳ್ರೀ, ಕಾರು ಬಂತು!" ಎಂದು ತಂತಿಗಳ ಮೇಲಿನ ಮುಚ್ಚಳ ಹಾಕಿ, ಅದರ ಮೇಲೆ ಹೂದಾನಿ, ಸನ್ಮಾನದ ಫಲಕ, ಸಾಲದ್ದಕ್ಕೆ ದೊಡ್ಡವರದೇ ಫೋಟೊ ಜೋಡಿಸಿಬಿಟ್ಟ. ಅವನ ಗಡಿಬಿಡಿಗೆ ನಾನೂ ಪಟ್ಟಿ ಮರೆತು ಎದ್ದು ಬಂದೆ. ಮೂವತ್ತು ವರ್ಷದ ಅನುಭವವಂತೆ, ಮಣ್ಣಂಗಟ್ಟಿ!

ದೊಡ್ಡವರು ಮಾತಿಗೆ ನಿಂತರು. "ಮಕ್ಕಳೇ, ಬೆರಳು ಆಮೇಲೆ, ಮೊದ್ಲು ಕಿವಿ! ಕೇಳೋದು ಕಲೀರಿ!" ಇಷ್ಟನ್ನೇ ಐವತ್ತು ನಿಮಿಷ ಹೇಳಿದರು. ಸ್ಫೂರ್ತಿ ತಡೆಯಲಾರದೆ ಮುಂದಿನ ಸಾಲಿನ ಇಬ್ಬರು ಮಕ್ಕಳು ನಿದ್ದೆ ಹೋದರು. ಕೊನೆಗೆ, "ಸ್ವಲ್ಪ ತೋರಿಸ್ತೀನಿ" ಎಂದು ನುಡಿಸಲು ಕೂತರು.

ಕೈಯಿಟ್ಟ ಮರುಕ್ಷಣವೇ ನನಗೆ ಪಟ್ಟಿ ನೆನಪಾಯಿತು. ಮೇಲಿನ ಸ್ವರಗಳು ಗಣಗಣ, ಕೆಳಗಿನವು ಗುಡುಗುಡು, ನಡುವಿನವು ಮಾತ್ರ ನೆಗಡಿಯಾದವರ ಪಿಸುಮಾತು. ಕೂಗಿ ನಿಲ್ಲಿಸಬಹುದಿತ್ತು. ಕೂಗಿದರೆ ನನ್ನ ಮಾನ ಹೋಗುತ್ತದೆ, ದೊಡ್ಡವರು ಸಿಟ್ಟಾದರೆ ಮೊಮ್ಮಗಳ ಆಸೆಗೂ ಕಲ್ಲು ಬೀಳುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ದೊಡ್ಡವರು ಕಣ್ಣು ಮುಚ್ಚಿ ತಮಗೆ ತಾವೇ ತಲೆದೂಗುತ್ತಿದ್ದರು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಮಧ್ಯದಲ್ಲಿ ಎಂಥಾ ಮೆದು ನೋಡಿದ್ರಾ? ಅದೆಲ್ಲ ವಯಸ್ಸಾದ್ಮೇಲೇ ಬರೋದು!" ಎಂದು ಕಾರ್ಯದರ್ಶಿ ಕಣ್ಣೊರೆಸಿಕೊಂಡ.

ಮಕ್ಕಳಲ್ಲಿ ಮೊದಲ ಸರದಿ ನನ್ನ ಮೊಮ್ಮಗಳದೇ. ಮೂರು ಸ್ವರ ನುಡಿಸಿ ನಿಲ್ಲಿಸಿದಳು.

"ಸರ್, ಇದು ಸರಿಯಾಗಿ ನುಡೀತಿಲ್ಲ."

"ವಾದ್ಯದ ಮೇಲೆ ತಪ್ಪು ಹಾಕ್ಬಾರ್ದು ಕಣಮ್ಮ. ಈಗಷ್ಟೇ ನಾನು ನುಡಿಸ್ಲಿಲ್ವಾ?"

ಸಭೆ ಗೊಳ್ಳೆಂದು ನಕ್ಕಿತು. ಅವಳ ಮುಖ ಕೆಂಪಾಯಿತು. ನನ್ನತ್ತ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ನಾನು ಶ್ರುತಿ ಕೂಡಿಸುವುದನ್ನು ನೋಡುತ್ತಲೇ ಬೆಳೆದವಳು, ಎದ್ದಳು. ಹೂದಾನಿ, ಫಲಕ ಎರಡನ್ನೂ ನೆಲಕ್ಕಿಳಿಸಿ, ಫೋಟೊವನ್ನು ಕಾರ್ಯದರ್ಶಿಯ ಕೈಗೆ ಕೊಟ್ಟಳು. ಎರಡೂ ಕೈಯಿಂದ ಮುಚ್ಚಳವೆತ್ತಿ, ಮಾರುದ್ದದ ಕೆಂಪು ಪಟ್ಟಿಯನ್ನು ಸರ್ರನೆ ಎಳೆದು ಹಾಕಿದಳು. ಆಮೇಲೆ ಕೂತು ನುಡಿಸಿದಳು. ಅಯ್ಯೋ, ಎಷ್ಟು ಚೆನ್ನಾಗಿ ನುಡಿಸಿದಳು! ಮನೆಯಲ್ಲಿ ಬೈದಿದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು.

ದೊಡ್ಡವರು ಸುಮ್ಮನಿರುವ ಪೈಕಿಯೇ? ಮೈಕು ಹಿಡಿದರು. "ನೋಡಿದ್ರಾ! ನಾನು ಬೇಕಂತಲೇ ಪರೀಕ್ಷೆ ಮಾಡ್ದೆ. ಕಿವಿ ಇರೋದು ಇವಳೊಬ್ಬಳಿಗೇ. ಇನ್ಮೇಲೆ ಇವಳೇ ನನ್ನ ಶಿಷ್ಯೆ!"

ಮೊದಲಿಗಿಂತ ಜೋರಾದ ಚಪ್ಪಾಳೆ ಬಿತ್ತು. ತಟ್ಟಿದವರು ಆಗ ಗೊಳ್ಳೆಂದು ನಕ್ಕವರೇ.

"ಬೇಡ ಸರ್," ಎಂದು ಮೊಮ್ಮಗಳು ವೇದಿಕೆ ಇಳಿದಳು. ನೆಟ್ಟಗೆ ನನ್ನ ಬಳಿ ಬಂದು, ಪಟ್ಟಿಯನ್ನು ಸುತ್ತಿ ನನ್ನ ಕೈಗಿಟ್ಟಳು.

"ಅವ್ರಿಗೆ ಕೇಳಿಸ್ಲಿಲ್ಲ, ಹೋಗ್ಲಿ. ನಿಮಗೆ ಕೇಳಿಸಿತ್ತಲ್ವಾ, ತಾತ?"

ಇಡೀ ಊರನ್ನು ಹೀಗಳೆಯುವ ನಾನು ಪಟ್ಟಿಯನ್ನು ಜೇಬಿಗೆ ತುರುಕಿಕೊಂಡೆ. ಅವಳು ಹೋಗಿ ಅಮ್ಮನ ಪಕ್ಕ ಕೂತಳು.