ಇನೇಬಾ ಬಟ್ಟಲು ಮುಟ್ಟಲಿಲ್ಲ

ಊರಿಗೆ ಊರೇ ಇನೇಬಾಳ ಅಂಗಳದಲ್ಲಿ ಸೇರಿತ್ತು. ಹಿರಿಯ ಒಗಿಡಿ ತಾಳೆ ಸಾರಾಯಿಯ ಬಟ್ಟಲನ್ನು ಅವಳ ಮುಂದೆ ಹಿಡಿದು ನಿಂತಿದ್ದ. ಅವಳು ಮಾತ್ರ ಮೀನು ಹೊಗೆಗೆ ಇಡುವ ಕೆಲಸ ನಿಲ್ಲಿಸಲಿಲ್ಲ.

ಎದುರಿಗೆ ತಲೆ ತಗ್ಗಿಸಿ ಕೂತವನು ಸೇಯೆಫಾ. ಎಣ್ಣೆ ಕಂಪನಿಯ ವಿರುದ್ಧ ಬಂದೂಕು ಹಿಡಿದು ಉಪ್ಪುನೀರಿನ ಕಾಂಡ್ಲಾ ಕಾಡು ಸೇರಿದ್ದವನು. ದೋಣಿ ನಡೆಸುತ್ತಿದ್ದ ಇನೇಬಾಳ ಗಂಡ ತಾರಿಲಾ ಕಂಪನಿಗೆ ಸುದ್ದಿ ಕೊಡುತ್ತಾನೆಂಬ ಬರೀ ಗುಮಾನಿಯ ಮೇಲೆ ಅವನನ್ನು ಎಳೆದುಕೊಂಡು ಹೋದವನು. ಹೆಣವೂ ಮನೆಗೆ ಬರಲಿಲ್ಲ. ರಾಜಧಾನಿ ಅಬುಜಾದ ಸರ್ಕಾರ ಕ್ಷಮಾದಾನ ಸಾರಿದ್ದೇ ತಡ, ಸೇಯೆಫಾ ಬಂದೂಕು ಒಪ್ಪಿಸಿದ, ಹೊರದೇಶಕ್ಕೆ ಹೋಗಿ ವೆಲ್ಡಿಂಗ್ ಕಲಿತು ಬಂದ, ಈಗ ಅದೇ ಕಂಪನಿಯ ಎಣ್ಣೆ ಪೈಪಿಗೆ ಬಂದೂಕು ಹಿಡಿದ ಕಾವಲುಗಾರ. ಕಳ್ಳನ ಕೈಗೇ ಬೀಗದ ಕೈ! ಹುಟ್ಟಿದಾಗಿನಿಂದ ಬಂದೂಕು ಮುಟ್ಟದ ತಾರಿಲಾನಿಗೆ ಸಿಕ್ಕಿದ್ದೇನು? ಕೆಸರು.

ಆದರೆ ಸರ್ಕಾರ ಕ್ಷಮಿಸಿದರೆ ಹೊಳೆ ಕ್ಷಮಿಸಿದಂತಲ್ಲ. ಹೊಳೆದಂಡೆಯ ಕಟ್ಟಳೆಯಂತೆ, ಸತ್ತವನ ಹೆಂಡತಿ ಕೊಂದವನ ಬಟ್ಟಲಿನಿಂದ ಒಂದು ಗುಟುಕು ಕುಡಿಯುವ ತನಕ ಅವನು ಊರಿನ ಯಾವ ಮನೆಯಲ್ಲೂ ಉಣ್ಣುವಂತಿಲ್ಲ.

"ಕುಡಿಯಮ್ಮಾ," ಒಗಿಡಿ ಅಂಗಲಾಚಿದ. "ಇವನನ್ನ ಊರು ಸೇರಿಸ್ಕೊಳ್ಳದಿದ್ರೆ ಇವನ ಹಿಂದಿರೋ ಹುಡುಗರೆಲ್ಲ ಮತ್ತೆ ಕಾಡಿಗೆ ಹೋಗ್ತಾರೆ."

"ಊರಿನ ಶಾಂತಿಗೆ ನನ್ನ ಗಂಟಲೇ ಬೇಕಿತ್ತಾ ಅಜ್ಜಾ?" ಇನೇಬಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಸೇಯೆಫಾನತ್ತ ತಿರುಗಿದಳು. "ಅವನನ್ನ ಎಲ್ಲಿ ಹಾಕಿದೀಯ ಹೇಳು. ಮೂಳೆ ಕೊಡು, ಮಣ್ಣು ಮಾಡ್ತೀನಿ. ಆಮೇಲೆ ಬಟ್ಟಲೇನು, ಕೊಡಾನೇ ಎತ್ತಿ ಕುಡೀತೀನಿ."

"ಅತ್ತಿಗೆ, ಬಂದೂಕು ಎಷ್ಟಿದೆ ಅಂತ ಕೇಳಿದ್ರು, ಕೊಟ್ಟೆ. ಹೆಣದ ಮಾತು ಸರ್ಕಾರದೋರೇ ಎತ್ತಲಿಲ್ಲ."

"ನಾನು ಎತ್ತಿದೀನಲ್ಲ, ಬೊಗಳು!"

ಸೇಯೆಫಾ ಹೊಳೆಯ ಕಡೆ ಕೈ ತೋರಿಸಿದ. "ಕಂಪನಿಯೋರ ಗ್ಯಾಸ್ ಹಗಲೂ ರಾತ್ರಿ ಉರಿಯೋ ಹೊಳೆ ತಿರುವಿನ ದಡದಲ್ಲಿ. ಆಮೇಲೆ ಅಲ್ಲೇ ಪೈಪ್ ಹಾಕಿದ್ರು."

ಇನೇಬಾ ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡಳು. "ನಡಿ, ಅಗೆದು ಕೊಡು."

"ಆಗಲ್ಲ ಅತ್ತಿಗೆ. ಪೈಪ್ ಹತ್ರ ಅಗೆಯೋಕೆ ಬಂದೋರಿಗೆ ಗುಂಡು ಹೊಡೀಬೇಕು ಅಂತ ಕಂಪನಿ ಆರ್ಡರ್."

"ಹೊಡೆಯೋನು ಯಾರು?"

"...ನಾನೇ."

ಒಗಿಡಿ ಬಟ್ಟಲನ್ನು ನೆಲಕ್ಕಿಟ್ಟ. ಇನೇಬಾ ಗುದ್ದಲಿ ಸಮೇತ ನೇರ ಹೊಳೆಗಿಳಿದು ದೋಣಿಯ ಹಗ್ಗ ಬಿಚ್ಚಿದಳು.

"ಹಾಗಾದ್ರೆ ಬಾ, ಹೊಡಿ. ಅವನನ್ನ ಹೊಡೆದಾಗ ಯಾರೂ ನೋಡ್ಲಿಲ್ಲ. ಈ ಸಲ ಊರೇ ನೋಡ್ಲಿ."