ಕಣ್ಣಿನ ಬಿಳಿ

ಗುರುರಾಜ ಕಂಪ್ಯೂಟರಿನ ಮುಂದೆ ಕೂರುವಷ್ಟರಲ್ಲಿ ಸಾಜಿಯಾ ಮೌಸನ್ನು ಕೈಯಲ್ಲಿ ಹಿಡಿದುಕೊಂಡುಬಿಟ್ಟಳು.

“ಒಂದು ಫೋಟೊ ಸಾಕಮ್ಮ. ಬಳ್ಳಾರಿ ಫೋಟೊಗ್ರಾಫರೆಲ್ಲಾ ಸೇರಿ ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಸಾಕತ್ತೀವಿ. ನನಗ ಕ್ಯಾಮೆರಾ ಹಿಡಿಯಾಕ ಕಲಿಸಿದಾವ ನಿಮ್ಮಪ್ಪ.”

“ನಾನೇ ತೆಗದು ಕೊಡ್ತೀನ್ರಿ. ನೀವು ಹೊರಗ ಕುಂದರ್ರಿ.”

ಒಳಗೆ ತೀರಿಕೊಂಡ ಅಬ್ಬಾ ಇಮಾಮಹುಸೇನರ ಮೈ ತೊಳೆಯುವ ನೀರಿನ ಸದ್ದು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಅರ್ಧ ಕುರುಗೋಡು ಊರು ಫೋಟೊಗೆಂದು ಇಲ್ಲಿ ಮುಖ ತೋರಿಸಿ ಹೋಗಿತ್ತು.

ನಿನ್ನೆ ಡಾಕ್ಟರು ಕೇಳಿದ್ದರು: “ಕಾಮಾಲೆ ಏರಿ ತಿಂಗಳಾಗಿದೆ. ಕಣ್ಣು ಹಳದಿ ಆಗಿದ್ದು ಯಾರೂ ನೋಡಲಿಲ್ವೇನಮ್ಮ?”

ದಿನಾ ನೋಡಿದವಳು ಸಾಜಿಯಾ. ಕಣ್ಣಿಗೆ ಪೊರೆ ಬಂದ ಅಮ್ಮಿ ಖಾತೂನ್ ಮಗಳ ಕಣ್ಣನ್ನೇ ನಂಬಿಕೊಂಡಿದ್ದಳು. ಅಮ್ಮಿಗೆ ಗೊತ್ತಾದರೆ?

*

ಅದಿರು ಲಾರಿಗಳು ಊರಿಗೆ ದುಡ್ಡು ತಂದವೋ ಇಲ್ಲವೋ, ಕೆಂಪು ಧೂಳನ್ನಂತೂ ಪುಕ್ಕಟೆ ಹಂಚಿದವು. ಒಳಗೆ ಬರುವ ಬಿಸಿಲೂ ಕೆಂಪು, ಫೋಟೊದ ಮುಖಗಳೂ ಕೆಂಪು. ಕಂಪ್ಯೂಟರಿಗೆ ಫೋಟೊದಲ್ಲಿ ಬಿಳಿ ಇರುವ ಒಂದು ಜಾಗವನ್ನು ಮೌಸ್ ಒತ್ತಿ ತೋರಿಸಿದರೆ ಉಳಿದ ಬಣ್ಣಗಳನ್ನು ಅದೇ ಸರಿಪಡಿಸುತ್ತದೆ. ಆದರೆ ಆ ಬಿಳಿ ಎಲ್ಲಿಂದ ತರುವುದು?

“ಕಣ್ಣಿನ ಬಿಳಿ ಮ್ಯಾಲೆ ಒತ್ತು,” ಎಂದು ಅಬ್ಬಾ ಕಲಿಸಿದ್ದರು. “ಅದಕ್ಕ ಧೂಳು ಹತ್ತಂಗಿಲ್ಲ.”

ಬೆಳಿಗ್ಗೆ ಬೋಣಿಗೆ ಮೊದಲು ಬಣ್ಣ ನೋಡಲೆಂದು ಅವರೇ ಸ್ಟೂಲಿನ ಮೇಲೆ ಕೂರುತ್ತಿದ್ದರು. ಸಾಜಿಯಾ ಫೋಟೊ ತೆಗೆದು, ಪರದೆಯಲ್ಲಿ ಅವರ ಕಣ್ಣಿನ ಬಿಳಿಯ ಮೇಲೆ ಒತ್ತುತ್ತಿದ್ದಳು. ಹೋದ ತಿಂಗಳಿಂದ ಮುಖ ಚೆನ್ನಾಗಿಯೇ ಬರುತ್ತಿತ್ತು, ಹಿಂದಿನ ಗೋಡೆ ಮಾತ್ರ ಕೆಟ್ಟಿತ್ತು.

“ಅಬ್ಬಾ, ಗೋಡಿ ನೀಲಿ ಬರಾಕತ್ತೈತಿ.”

“ಬಲ್ಬ್ ಬದಲಿ ಮಾಡು.”

ಎರಡು ಸಲ ಬದಲಾಯಿಸಿದಳು. ಗೋಡೆ ಇನ್ನಷ್ಟು ನೀಲಿಯಾಯಿತು. ಕೊನೆಗೆ ಅಬ್ಬಾ ತಾವೇ ಸುಣ್ಣ ಬಳಿದರು. ಏಣಿ ಇಳಿದು ಅಲ್ಲೇ ಕುಸಿದು ಕೂತಾಗ, “ಮುದುಕರಾದ್ರಿ ನೀವು,” ಎಂದು ಸಾಜಿಯಾ ನಕ್ಕಿದ್ದಳು.

*

ಸಾಜಿಯಾ ಈಗ ಅಬ್ಬಾರ ಕೊನೆಯ ಫೋಟೊ ತೆರೆದಳು. ಅಬ್ಬಾ ಗಟ್ಟಿಮುಟ್ಟಾಗಿ ಕೂತಿದ್ದರು. ಇದನ್ನೇ ಕೊಟ್ಟು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಅವಳಿಗೆ ತಿಳಿಯಲೇಬೇಕಿತ್ತು. ಮಾಡಿದ್ದ ಬಣ್ಣದ ತಿದ್ದುಪಡಿಯನ್ನೆಲ್ಲ ಅಳಿಸಿ, ಈ ಸಲ ಸುಣ್ಣದ ಗೋಡೆಯ ಮೇಲೆ ಒತ್ತಿದಳು.

ಗೋಡೆ ಬೆಳ್ಳಗಾಯಿತು. ಅಬ್ಬಾ ಕುತ್ತಿಗೆಯಿಂದ ಕಣ್ಣಿನವರೆಗೆ ಅರಿಶಿನದ ಬಣ್ಣವಾದರು. ಹಳದಿ ಕಣ್ಣನ್ನೇ ಬಿಳಿ ಎಂದು ತೋರಿಸಿದ್ದಕ್ಕೆ ಕಂಪ್ಯೂಟರು ತಿಂಗಳಿಡೀ ಆ ಹಳದಿಯನ್ನು ಅಳಿಸಿ ಗೋಡೆಗೆ ನೀಲಿ ಬಳಿದಿತ್ತು.

“ಸಾಜಿ, ಬಾರವ್ವಾ. ಮುಖ ನೋಡಿಬಿಡು, ಜನಾಜಾ ಎತ್ತತಾರ.”

ಅಮ್ಮಿಯ ದನಿ. ಸಾಜಿಯಾ ಫೋಟೊ ಮುಚ್ಚುವಷ್ಟರಲ್ಲಿ ಖಾತೂನ್ ಬೆನ್ನ ಹಿಂದೆಯೇ ಬಂದಿದ್ದಳು. ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಪರದೆಯನ್ನು ನೋಡಿದಳು.

“ಇದ್ಯಾಕ ಇಷ್ಟು ಹಳದಿ?”

“ಅಮ್ಮಿ, ಅದು... ನಾನು...”

ಖಾತೂನ್ ಬಿಳಿ ಸೆರಗಿನ ತುದಿಯಿಂದ ಪರದೆಯ ಮೇಲಿನ ಗಂಡನ ಮುಖ ಒರೆಸಿದಳು. ಸೆರಗಿಗೆ ಕೆಂಪು ಧೂಳು ಬಂತು, ಹಳದಿ ಹಾಗೇ ಉಳಿಯಿತು. ಅದನ್ನೊಮ್ಮೆ ನೋಡಿ, ಮತ್ತೆ ಬಗ್ಗಿ, ಎರಡೂ ಕಣ್ಣುಗಳನ್ನು ಒತ್ತಿ ಒತ್ತಿ ಒರೆಸತೊಡಗಿದಳು.